ಯಳಂದೂರಿನಲ್ಲಿ ಇನ್ನೂ ಸರಿಯಾಗಿಲ್ಲ

"ಓದು ಬಿಟ್ಟೋರ ಕೈಗೆ ಕೀಬೋರ್ಡ್ ಕೊಟ್ರೆ ಇಂಗೇ ಕಣ್ರಿ ಆಗದು."

ಸೌಮ್ಯಳ ಬಾಯಿಂದ ನಾನು ಕೇಳಿದ ಮೊದಲನೇ ಮಾತು ಇದು. ನನಗೆ ಹೇಳಿದ್ದಲ್ಲ. ಜಗಲಿ ತುಂಬ ಕೂತಿದ್ದ ಅಗರದ ಏಳು ಜನ ಅಣ್ಣತಮ್ಮಂದಿರಿಗೆ ಹೇಳಿದ್ದು. ನಾನಿನ್ನೂ ಮೆಟ್ಟಿಲ ಹತ್ತಿರ ಚಪ್ಪಲಿ ಬಿಡ್ತಾ ಇದ್ದೆ. ಏಳೂ ತಲೆ ಒಟ್ಟಿಗೆ ನನ್ನ ಕಡೆ ತಿರುಗಿದವು.

ಅವಳ ಕೈಯಲ್ಲಿ ಒಂದು ಛಾಪಾ ಕಾಗದ ಇತ್ತು. ಛಾಪಾ ಕಾಗದದ ಮೇಲರ್ಧದಲ್ಲಿ ಸರ್ಕಾರದ ಮುದ್ರೆ ಇರುತ್ತೆ, ಬರಹ ಅದರ ಕೆಳಗಿಂದ ಶುರುವಾಗಬೇಕು. ಇಲ್ಲಿ ಕ್ರಯಪತ್ರದ ಮೊದಲ ಹತ್ತು ಸಾಲು ಸೀದಾ ಮುದ್ರೆಯ ಮೇಲೆ ಹತ್ತಿ ಕೂತಿದ್ದವು. ಏಳು ಜನ ಬಿತ್ತನೆ ಬಿಟ್ಟು, ಒಂದೇ ದಿನ ಹೊಂದಿಸಿಕೊಂಡು ರುಜು ಹಾಕೋಕೆ ಬಂದಿದ್ದರು. ಅವರ ದಿನ ಹಾಳು ಮಾಡಿದ್ದು ನಾನು ಬರೆದ ಪ್ರೋಗ್ರಾಂ.

ಕಿವಿ ಬಿಸಿಯಾಯ್ತು. ನನಗೆ ಸಿಟ್ಟು ಮೊದಲು ಕಿವಿಗೆ ಬರುತ್ತೆ, ಆಮೇಲೆ ಕೈಗೆ. ಒಂಬತ್ತನೇ ಕ್ಲಾಸಲ್ಲಿ ಲೆಕ್ಕದ ಮೇಷ್ಟ್ರ ಕೈಯಿಂದ ಬೆತ್ತ ಕಿತ್ಕೊಂಡು ಎರಡು ತುಂಡು ಮಾಡಿ, ಬ್ಯಾಗನ್ನೂ ಎತ್ಕೊಳ್ಳದೆ ಆಚೆ ಬಂದವನು ನಾನು. ಊರು ಹನೂರು ಕಡೆ ಹೂಗ್ಯಂ. ಹೆಸರು ಬಿಳಿಗಿರಿ. ಆವತ್ತಿಂದ ಯಾರಾದರೂ ‘ಓದು’ ಅಂದರೆ ಸಾಕು, ನನಗೇ ಅಂದರು ಅನ್ನಿಸುತ್ತೆ. ಇವಳು ನನಗೇ ಅಂದಿದ್ದಳು.

ಆದರೂ ಒಳಗೆ ಹೋಗಿ ಮಿಷನ್ ಮುಂದೆ ಕೂತೆ.

ಕೊಳ್ಳೇಗಾಲದಲ್ಲಿ ಚಿನ್ನಸ್ವಾಮಣ್ಣನ ಡಿಟಿಪಿ ಅಂಗಡಿಯಲ್ಲಿ ನಾನು ಟೈಪ್ ಮಾಡೋ ಕೆಲಸಕ್ಕಿದ್ದೆ. ದಿನಾ ಅದೇ ಕ್ರಯಪತ್ರ, ಅದೇ ವಿಭಾಗಪತ್ರ, ಅದೇ ಸಾಲು. ಬೇಜಾರಾಗಿ ವರ್ಡ್ ಪ್ರೋಗ್ರಾಮಿಗೆ ನಾನೇ ಒಂದು ಆ್ಯಡ್-ಇನ್ ಬರೆದೆ. ಅದನ್ನ ಹಾಕಿದರೆ ವರ್ಡ್‌ನ ನೆತ್ತಿ ಮೇಲೆ ‘ಪತ್ರ’ ಅನ್ನೋ ಹೊಸ ಮೆನು ಬರುತ್ತೆ. ಹೆಸರು, ಸರ್ವೆ ನಂಬರು, ಜಮೀನಿನ ನಾಲ್ಕು ದಿಕ್ಕಿಗೂ ಏನಿದೆ ಅನ್ನೋ ಚೆಕ್ಕುಬಂದಿ ತುಂಬಿದರೆ ಪೂರಾ ಪತ್ರ ತಾನೇ ಎದ್ದು ಬರುತ್ತೆ. ಯಾರೂ ಹೇಳಿಕೊಟ್ಟಿದ್ದಲ್ಲ. ರೆಕಾರ್ಡ್ ಮ್ಯಾಕ್ರೋ ಒತ್ತಿ, ಕಂಪ್ಯೂಟರ್ ತನ್ನಷ್ಟಕ್ಕೆ ಏನು ಬರ್ಕೊಂಡಿದೆ ಅಂತ ಕದ್ದು ನೋಡಿ ಕಲಿತಿದ್ದು. ಪಕ್ಕದಲ್ಲಿ ಒಂದು ಹರಿದ ಡಿಕ್ಷನರಿ.

ಸೌಮ್ಯಳ ಅಪ್ಪ ಶಾಂತಮೂರ್ತಿಗಳು ಯಳಂದೂರಿನ ಪತ್ರ ಬರಹಗಾರರು. ಚಿನ್ನಸ್ವಾಮಣ್ಣನ ಅಂಗಡೀಲಿ ಅದನ್ನ ನೋಡಿ, ನಮಗೂ ಒಂದು ಹಾಕ್ಕೊಡಪ್ಪ ಅಂದಿದ್ದರು. ನಾನು ಫ್ಲಾಪಿ ಕೊಟ್ಟು ಕಳಿಸಿದ್ದೆ, ಫೋನಲ್ಲಿ ವಿವರಿಸಿದ್ದೆ. ಮಧ್ಯ ಏನಾದರೂ ಬಾಕ್ಸ್ ಬಂದ್ರೆ ಓಕೆ ಒತ್ತಿ, ಮುಂದಕ್ಕೆ ಹೋಗುತ್ತೆ ಅಂತಲೂ ಹೇಳಿದ್ದೆ.

ಬಾಕ್ಸ್ ಬಂದಿತ್ತು. ಅವಳು ಓಕೆ ಒತ್ತಿದ್ದಳು. ಮಿಷನ್ ಸಿಕ್ಕಿಕೊಂಡ ಸಾಲಿಗೆ ಹಳದಿ ಗೆರೆ ಬಳಿದ ಇನ್ನೊಂದು ಕಿಟಕಿ ತೆರೆದಿತ್ತು, ಅದನ್ನೂ ಮುಚ್ಚಿದ್ದಳು. ನಾನು ಹೇಳಿದ ಹಾಗೇ ಪ್ರಿಂಟು ಕೊಟ್ಟಿದ್ದಳು.

ಅರ್ಧ ಗಂಟೆ ಹುಡುಕಿದ ಮೇಲೆ ಗೊತ್ತಾಯ್ತು. ನಮ್ಮ ಅಂಗಡಿಯಲ್ಲಿದ್ದದ್ದು ವರ್ಡ್ 2000. ಇಲ್ಲಿ 97. ಏಳು ಜನರ ಹೆಸರನ್ನ ಕಾಮಾ ಇದ್ದ ಕಡೆ ತುಂಡು ಮಾಡೋಕೆ ನಾನು ಬಳಸಿದ್ದ ಒಂದು ಆಜ್ಞೆ 97ರಲ್ಲಿ ಹುಟ್ಟೇ ಇರಲಿಲ್ಲ. ಮಿಷನ್ ಅಲ್ಲೇ ನಿಂತಿತು. ಮೇಲೆ ಜಾಗ ಬಿಡೋ ಸಾಲು ಅದಕ್ಕಿಂತ ಕೆಳಗಿತ್ತು, ಅದರ ಸರದಿಯೇ ಬರಲಿಲ್ಲ.

ಆ ಒಂದು ಆಜ್ಞೆಯ ಬದಲು ಹನ್ನೊಂದು ಸಾಲು ಕೈಯಲ್ಲೇ ಬರೆದೆ. ಅವಳು ಬೆನ್ನ ಹಿಂದೆ ನಿಂತಿದ್ದಳು. ತಲೆಗೆ ಹಾಕಿದ ಹರಳೆಣ್ಣೆಯ ವಾಸನೆ, ಕೈಬಳೆ ಒಂದಕ್ಕೊಂದು ತಾಗೋ ಸದ್ದು. ತಿರುಗಿ ನೋಡಲಿಲ್ಲ, ಸಿಟ್ಟಿತ್ತು. ಪತ್ರ ಸರಿಯಾಗಿ ಬಂದಾಗ ಅವಳು ಮೆಲ್ಲಗೆ, ಇದನ್ನೆಲ್ಲ ಯಾರು ಹೇಳಿಕೊಟ್ಟರು ಅಂತ ಕೇಳಿದಳು. ಯಾರೂ ಇಲ್ಲ ಮೇಡಂ ಅಂದೆ. ಮೇಡಂ ಅನ್ನೋ ಪದವನ್ನ ಸ್ವಲ್ಪ ಒತ್ತಿ ಹೇಳಿದೆ.

ಆಗ ತಿರುಗಿದೆ. ಅವಳು ನನ್ನ ನೋಡ್ತಾ ಇದ್ದಳು, ಸ್ಕ್ರೀನನ್ನಲ್ಲ. ಸಿಕ್ಕಿಹಾಕಿಕೊಂಡೆ ಅಂತ ಗೊತ್ತಾಗಿ ಕಣ್ಣು ಸರಕ್ಕನೆ ಕೀಬೋರ್ಡಿಗೆ ಇಳಿಸಿದಳು. ಮೂಗಿನ ತುದಿ ಕೆಂಪಾಗಿತ್ತು. ಕೊಳ್ಳೇಗಾಲದಲ್ಲಿ ಬಿ.ಕಾಂ ಮುಗಿಸಿದವಳು. ನನಗಿಂತ ಒಂದು ವರ್ಷ ಚಿಕ್ಕವಳು.

ಅದು 2002ರ ಜೂನು.

*

ಒಂದು ಸಲ ಸರಿ ಮಾಡಿದರೆ ಮುಗೀತು ಅಂದ್ಕೊಂಡಿದ್ದೆ. ಅದು ನನ್ನ ದಡ್ಡತನ.

ಯಳಂದೂರಿಗೆ ಅಂತ ತಿದ್ದಿದ್ದು ಕೊಳ್ಳೇಗಾಲದಲ್ಲಿ ಸ್ವಲ್ಪ ನಿಧಾನವಾಯ್ತು. ಅದನ್ನ ತಿದ್ದಿದೆ. ಅಷ್ಟರಲ್ಲಿ ಹನೂರಿನ ಪತ್ರ ಬರಹಗಾರ ರುದ್ರಸ್ವಾಮಿ ಹೊಸ ಮಿಷನ್ ತಂದರು, ಅದರಲ್ಲಿ ವರ್ಡ್ ಎಕ್ಸ್‌ಪಿ. ಅಲ್ಲಿ ಮೊದಲು ನನ್ನ ಮೆನು ಕಾಣಿಸಲೇ ಇಲ್ಲ. ಗೊತ್ತಿಲ್ಲದವರ ಪ್ರೋಗ್ರಾಮನ್ನ ಅದು ಬಾಗಿಲಲ್ಲೇ ತಡೀತಿತ್ತು. ಸೆಟ್ಟಿಂಗ್ ಬದಲಾಯಿಸಿ ಒಳಗೆ ಬಿಟ್ಟೆ. ಆಮೇಲೆ ಒಂದೊಂದು ಸಲ ವರ್ಡ್ ತೆರೆದಾಗಲೂ ಒಂದೊಂದು ಮೆನು ಜಾಸ್ತಿ. ಮುಂದಿನ ವಾರ ಹೋದಾಗ ನೆತ್ತಿ ಮೇಲೆ ಹನ್ನೊಂದು ‘ಪತ್ರ’ ಸಾಲಾಗಿ ನಿಂತಿದ್ದವು. ಇದೇನಪ್ಪ ಬಸ್ ಸ್ಟ್ಯಾಂಡಾ ಅಂತ ರುದ್ರಸ್ವಾಮಿ ನಕ್ಕರು. ನನಗೆ ನಗು ಬರಲಿಲ್ಲ.

ಅವರ ಮಿಷನ್ನಲ್ಲೇ ಕೂತು ಅದನ್ನ ಸರಿ ಮಾಡಿ, ಅಲ್ಲೇ ಸೇವ್ ಮಾಡಿ, ಅದೇ ಫ್ಲಾಪಿಯನ್ನ ಯಳಂದೂರಿಗೆ ತಂದು ಹಾಕಿದೆ. ಯಳಂದೂರಿನದು ಪೂರಾ ಮಲಗಿತು. ಯಾವುದೋ ಲೈಬ್ರರಿ ಸಿಗ್ತಿಲ್ಲ ಅಂತ ಬಾಕ್ಸು. ಹಳದಿ ಗೆರೆ ಮಾತ್ರ ಎಡಗಡೆ ಎರಡಕ್ಷರ ತೆಗಿ ಅನ್ನೋ ಒಂದು ಬಡಪಾಯಿ ಆಜ್ಞೆ ಮೇಲೆ. ಆ ಆಜ್ಞೆ ಹಳೇದರಲ್ಲೂ ಇದೆ, ಹೊಸದರಲ್ಲೂ ಇದೆ. ಅದರಲ್ಲಿ ತಪ್ಪು ಹುಡುಕ್ತಾ ನಾಲ್ಕು ಗಂಟೆ ಕೂತೆ. ಕಡೆಗೆ ಮೌಸನ್ನ ಎತ್ತಿ ಗೋಡೆಗೆ ಎಸೆಯೋಕೆ ಹೋದೆ.

ಸೌಮ್ಯ ನನ್ನ ಮಣಿಕಟ್ಟು ಹಿಡಿದಳು. ಒಂದು ಕ್ಷಣ, ಅಷ್ಟೇ. ಆಮೇಲೆ ಬೆಂಕಿ ಮುಟ್ಟಿದವಳ ಹಾಗೆ ಬಿಟ್ಟಳು.

"ಅದು ನಮ್ಮನೆ ಮೌಸು ಬಿಳಿಗಿರಿಯವ್ರೆ. ನಿಮ್ದು ಕೊಳ್ಳೇಗಾಲ್ದಲ್ಲಿದೆ, ಅಲ್ಲೋಗಿ ಎಸೀರಿ."

ನಾನು ನಕ್ಕೆ. ಆ ಮನೆಯಲ್ಲಿ ನಾನು ನಕ್ಕಿದ್ದು ಆವತ್ತೇ ಮೊದಲು. ಅವಳೂ ನಕ್ಕಳು, ಸೆರಗಲ್ಲಿ ಬಾಯಿ ಮುಚ್ಚಿಕೊಂಡು, ಕಣ್ಣಲ್ಲಿ ಮಾತ್ರ ಪೂರಾ.

ಮಣಿಕಟ್ಟಿನ ಆ ಜಾಗ ಬಸ್ಸಲ್ಲಿ ಕೊಳ್ಳೇಗಾಲದವರೆಗೂ ಬೆಚ್ಚಗಿತ್ತು.

ತಪ್ಪು ಕಂಡುಹಿಡಿದಿದ್ದು ಅವಳೇ. ಮೊದಲನೇ ವಾರದಿಂದಲೂ ಒಂದು ಉದ್ದನೆ ನೋಟ್‌ಬುಕ್ಕಲ್ಲಿ ಮೂರು ಕಾಲಂ ಹಾಕಿ ಬರೀತಾ ಬಂದಿದ್ದಳು. 97, 2000, ಎಕ್ಸ್‌ಪಿ. ಯಾವ ದಿನ ಯಾವ ಊರಲ್ಲಿ ಏನು ತಿದ್ದಿದ್ದು, ಬಾಕ್ಸಲ್ಲಿ ಏನು ಬಂತು, ಎಷ್ಟು ಹೊತ್ತಿಗೆ, ಎಲ್ಲ ದುಂಡಗೆ. ಅದನ್ನ ನನ್ನ ಮುಂದೆ ತಿರುಗಿಸಿ, ಬೆರಳಿಟ್ಟು ತೋರಿಸಿದಳು. ಹನೂರಲ್ಲಿ ಸೇವ್ ಆಗೋ ತನಕ ಇಲ್ಲಿ ಸರಿ ಇತ್ತು. ಹೊಸದರಲ್ಲಿ ಸೇವ್ ಮಾಡಿದರೆ ಅದು ಹೊಸದರ ಸಾಮಾನನ್ನ ಜೊತೆಗೆ ಕಟ್ಕೊಂಡು ಬರುತ್ತೆ, ಹಳೇದರ ಹತ್ತಿರ ಅದಿಲ್ಲ, ಅಷ್ಟೇ ತಾನೆ ಅಂದಳು. ಇಲ್ಲಿ ಬರೆದು ಅಲ್ಲಿಗೆ ಒಯ್ದರೆ ಏನೂ ಆಗಲ್ಲ, ಅಲ್ಲಿ ಬರೆದು ಇಲ್ಲಿಗೆ ತಂದರೆ ಸಾಯುತ್ತೆ.

ನಾನು ಬಾಯಿ ತೆರೆದು ಕೂತೆ. ಹೌದು, ಅಷ್ಟೇ.

ಆವತ್ತು ನಾವಿಬ್ಬರೂ ಒಂದು ಕಟ್ಟಳೆ ಮಾಡ್ಕೊಂಡ್ವಿ. ತಿದ್ದೋದು ಏನಿದ್ದರೂ ಹಳೇ ಮಿಷನ್ನಲ್ಲೇ. ಬೇರೆ ಕಡೆ ನೋಡಬಹುದು, ಓಡಿಸಬಹುದು, ಸೇವ್ ಮಾತ್ರ ಮಾಡೋ ಹಾಗಿಲ್ಲ. ಮೂರು ಊರಲ್ಲಿ ಎಲ್ಲಕ್ಕಿಂತ ಹಳೇದು ಇದ್ದದ್ದು ಯಳಂದೂರಲ್ಲಿ. ಅಂದರೆ ಹನೂರಲ್ಲಿ ಕೆಟ್ಟರೂ ಯಳಂದೂರು, ಕೊಳ್ಳೇಗಾಲದಲ್ಲಿ ಕೆಟ್ಟರೂ ಯಳಂದೂರು.

ನಮ್ಮ ಅಂಗಡಿಗೆ ಮಂಗಳವಾರ ರಜಾ. ಶಾಂತಮೂರ್ತಿಗಳೇ ಹೇಳಿದರು, ವಾರಕ್ಕೊಂದು ಸಲ ಬಂದು ನೋಡ್ಕೊಂಡು ಹೋಗಯ್ಯ ಅಂತ.

*

ಸುಸ್ತು ಅಂದರೆ ಏನು ಅಂತ ಆ ಆರು ತಿಂಗಳಲ್ಲಿ ಗೊತ್ತಾಯ್ತು. ವಾರವೆಲ್ಲ ಟೈಪ್ ಮಾಡಿ ಬೆರಳು ಸೆಟೆದುಕೊಂಡಿರುತ್ತೆ. ಭಾನುವಾರ ಸಂಜೆ ಅಂಗಡಿ ಮುಗಿಸಿ ಹನೂರು, ಮಂಗಳವಾರ ಯಳಂದೂರು. ಒಂದು ಕಡೆ ತೇಪೆ ಹಾಕಿದರೆ ಇನ್ನೊಂದು ಕಡೆ ಹರೀತಿತ್ತು. ಬಸ್ಸಲ್ಲಿ ಕಣ್ಣು ಮುಚ್ಚಿದರೂ ಹಳದಿ ಗೆರೆ. ಯಾರಿಗೂ ಕಾಣದ ಕೆಲಸ ಅದು. ಸರಿ ಇದ್ದರೆ ಯಾರೂ ಕೇಳಲ್ಲ, ಕೆಟ್ಟರೆ ಮಾತ್ರ ನನ್ನ ಹೆಸರು ನೆನಪಾಗುತ್ತೆ.

ಮಂಗಳವಾರ ಒಂದು ದಿನ ಮಾತ್ರ ಸುಸ್ತಿಗೆ ಒಂದು ರುಚಿ ಇತ್ತು.

ಶಾಂತಮೂರ್ತಿಗಳು ಹನ್ನೊಂದಕ್ಕೆ ಸಬ್ ರಿಜಿಸ್ಟ್ರಾರ್ ಆಫೀಸಿಗೆ ಹೋದರೆ ಬರ್ತಾ ಇದ್ದದ್ದು ನಾಲ್ಕಕ್ಕೆ. ಮನೆಯ ಮುಂದಿನ ಕೋಣೆಯೇ ಅವರ ಆಫೀಸು. ಕೋಣೆಗೂ ನಡುಮನೆಗೂ ಮಧ್ಯ ಹೊಸ್ತಿಲ ಮೇಲೆ ಪುಟ್ಟಮಲ್ಲಮ್ಮಜ್ಜಿ, ಸೌಮ್ಯಳ ಅಪ್ಪನ ತಾಯಿ, ಕಾವಲು ಕೂತ ಹಾಗೆ ಕೂತಿರ್ತಿದ್ದರು. ಮಡಿಲಲ್ಲಿ ಅವರೆಕಾಯಿ, ಇಲ್ಲ ಹತ್ತಿ. ಕಂಪ್ಯೂಟರನ್ನ ಅವರು ಡಬ್ಬ ಅಂತಿದ್ದರು.

"ಏನ್ ಮಗ, ಡಬ್ಬುಕ್ಕೆ ಜರ ಇನ್ನೂ ಬುಟ್ಟಿಲ್ವಾ?"

"ಇಲ್ಲ ಅಜ್ಜಿ. ಒಸಿ ಕಮ್ಮಿ ಆಗದೆ."

"ಕಮ್ಮಿ ಆಗದೆ ಅಂತ ಆರ್ ತಿಂಗ್ಳಿಂದ ಯೋಳ್ತಿದ್ದೀಯ. ಡಾಕ್ಟ್ರೇ ಸೊರಗೋದ್ರೆ ರೋಗಿ ಗತಿ ಏನ್ಲಾ. ತಕೋ, ಕಾಪಿ ಕುಡಿ."

ಅವರದು ಲಿಂಗ ಕಟ್ಟಿದ ಮನೆ. ನಮ್ಮ ಮನೇಲಿ ಹಬ್ಬಕ್ಕೆ ಕೋಳಿ ಕುಯ್ತಾರೆ. ಅಜ್ಜಿ ನನ್ನ ಜಾತಿ ಕೇಳಿದ್ದು ಒಂದೇ ಸಲ. ಕೇಳಿಸಿಕೊಂಡು ಸುಮ್ಮನಾದರು, ಲೋಟ ಮಾತ್ರ ಬದಲಾಯಿಸಲಿಲ್ಲ.

ಮಧ್ಯಾಹ್ನ ಹನ್ನೆರಡಾಗ್ತಿದ್ದ ಹಾಗೆ ಕರೆಂಟು ತೆಗೀತಿದ್ದರು. ಸ್ಕ್ರೀನ್ ಕಪ್ಪಾಗ್ತಿತ್ತು, ಫ್ಯಾನು ನಿಲ್ತಿತ್ತು, ಅಜ್ಜಿ ಗೋಡೆಗೆ ಒರಗಿ ಗೊರಕೆ ಹೊಡೀತಿದ್ದರು. ಕಪ್ಪು ಸ್ಕ್ರೀನಲ್ಲಿ ನಾವಿಬ್ಬರೂ ಕಾಣಿಸ್ತಿದ್ವಿ. ನಾನು ಕುರ್ಚಿಯಲ್ಲಿ, ಅವಳು ಸ್ಟೂಲ್ ಮೇಲೆ, ಮಧ್ಯ ಒಂದು ಮೊಳ ಜಾಗ. ನೇರವಾಗಿ ನೋಡೋಕೆ ಧೈರ್ಯ ಇಲ್ಲದೆ ಅಲ್ಲೇ ಒಬ್ಬರನ್ನೊಬ್ಬರು ನೋಡ್ಕೊಳ್ತಿದ್ವಿ. ಅವಳು ಜಡೆಯ ತುದಿಯನ್ನ ಬೆರಳಿಗೆ ಸುತ್ತೋದು, ಬಿಚ್ಚೋದು. ನಾನು ನೋಡ್ತಿದೀನಿ ಅಂತ ಗೊತ್ತಾದರೆ ಸುತ್ತೋದು ನಿಲ್ಲಿಸ್ತಿದ್ದಳು, ಬಿಚ್ಚೋದನ್ನ ಮರೀತಿದ್ದಳು.

ಒಂದು ಸಲ ಆ ಕತ್ತಲ ಗಾಜಿಗೇ ಹೇಳಿದಳು. ಮೊದಲನೇ ದಿನ ಅಂದ ಮಾತು ಈಗಲೂ ನಾಲಿಗೆ ಮೇಲೆ ಸುಟ್ಟ ಹಾಗಿದೆ ಅಂತ. ಏಳು ಜನ ಒಟ್ಟಿಗೆ ಬೈತಿದ್ದರಂತೆ, ಅಪ್ಪ ಇರಲಿಲ್ಲವಂತೆ, ಯಾರ ಮೇಲಾದರೂ ಹಾಕಬೇಕಿತ್ತಂತೆ. ತಪ್ಪು ಒಂದು ಕಡೆ, ಹಳದಿ ಗೆರೆ ಇನ್ನೊಂದು ಕಡೆ ಅಂದೆ. ಅವಳಿಗೆ ಅರ್ಥವಾಯ್ತು. ಈ ಊರಲ್ಲಿ ಆ ಮಾತು ಅರ್ಥವಾಗ್ತಿದ್ದದ್ದು ಅವಳೊಬ್ಬಳಿಗೇ.

ಕರೆಂಟು ಬಂದರೆ ಇಬ್ಬರಿಗೂ ಬೇಜಾರು.

*

ನವೆಂಬರ್ ಕೊನೆಗೆ ಒಂದು ಮಂಗಳವಾರ ಮೂರು ಕಾಲಮ್ಮಿಗೂ ಟಿಕ್ ಬಿತ್ತು. ಒಂದೇ ಫೈಲು, ಮೂರು ಊರು, ಮೂರು ವರ್ಡು. ಒಂದು ತಪ್ಪಿಲ್ಲ. ಅವಳು ಟಿಕ್ ಹಾಕಿ ಪೆನ್ನಿನ ಕ್ಯಾಪು ಮುಚ್ಚಿದಳು. ನಾನು ಗೆದ್ದಿದ್ದೆ. ಎದೆ ಉಬ್ಬಿಸಬೇಕಿತ್ತು. ವಾಪಸ್ ಬಸ್ಸಲ್ಲಿ ಕಿಟಕಿಗೆ ತಲೆ ಒರಗಿಸಿ, ಮುಂದಿನ ಮಂಗಳವಾರ ಏನು ಮಾಡೋದು ಅಂತ ಯೋಚನೆ ಮಾಡ್ತಾ ಕೂತಿದ್ದೆ.

ಸೋಮವಾರ ಸಂಜೆ ಅಂಗಡಿಗೆ ಶಾಂತಮೂರ್ತಿಗಳ ಫೋನು ಬಂತು. ಇನ್ನೂ ಸರಿಯಾಗಿಲ್ಲವಂತೆ, ಮಗಳು ಹೇಳಿದಳು, ಬಂದು ನೋಡು ಅಂದರು.

ಹೋದೆ. ಓಡಿಸಿದೆ. ಸರಿ ಇತ್ತು. ನೀವು ಬಂದ ತಕ್ಷಣ ಸರಿಯಾಗುತ್ತೆ, ನೀವು ಹೋದ ಮೇಲೆ ಕೆಡುತ್ತೆ ಅಂದಳು ಸೌಮ್ಯ, ತಲೆ ಎತ್ತದೆ. ಮುಂದಿನ ವಾರವೂ ಫೋನು. ಅದರ ಮುಂದಿನ ವಾರವೂ. ನನಗೆ ಹುಚ್ಚು ಹಿಡಿಯೋದೊಂದು ಬಾಕಿ. ಇದ್ದೂ ಇಲ್ಲದ ಹಾಗೆ ಬರೋ ತಪ್ಪಿಗಿಂತ ಕೆಟ್ಟದ್ದು ಇನ್ನೊಂದಿಲ್ಲ. ಇದ್ದಬದ್ದ ಸಾಲನ್ನೆಲ್ಲ ಕಾಗದದ ಮೇಲೆ ಪ್ರಿಂಟ್ ತೆಗೆದು ಊಟದ ಹೊತ್ತಲ್ಲೂ ಓದಿದೆ. ಸಿಗಲಿಲ್ಲ.

ಮೂರನೇ ಮಂಗಳವಾರ ಹೋದವನೇ, ಬಾಕ್ಸಲ್ಲಿ ಏನು ಬಂತು ಅಂತ ಗದರಿದೆ. ಮರೆತೆ ಅಂದಳು.

ಗಂಟೆ, ನಿಮಿಷ ಬರೆದಿಡೋ ಹುಡುಗಿ ಮರೆತೆ ಅಂದಳು. ನಾನು ನೋಟ್‌ಬುಕ್ ಎಳ್ಕೊಂಡೆ. ಟಿಕ್ ಬಿದ್ದ ಆ ದಿನದ ನಂತರ ಒಂದಕ್ಷರ ಇರಲಿಲ್ಲ. ಮೂರು ವಾರ, ಬರೀ ಬಿಳಿ.

"ತಪ್ಪು ಎಲ್ಲಿದೆ? ಬರ್ದೇ ಇಲ್ವಲ್ಲ ನೀವು."

"ತಪ್ಪಿಲ್ಲ."

"ಮತ್ತೆ ವಾರವಾರ ಫೋನ್ ಯಾಕ್ ಮಾಡಿಸ್ತೀರಿ?"

ಅವಳು ಹೊಸ್ತಿಲ ಕಡೆ ನೋಡಿದಳು. ಅಜ್ಜಿ ನಿದ್ದೆಯಲ್ಲಿದ್ದರು. ಆಮೇಲೆ ನನ್ನ ನೋಡಿದಳು, ಕಪ್ಪು ಗಾಜಿನಲ್ಲಲ್ಲ, ನೇರ. ಕಣ್ಣಂಚಲ್ಲಿ ನೀರು ತುಂಬಿ ನಿಂತಿತ್ತು, ಬೀಳೋಕೆ ಒಪ್ಪದೆ.

"ಸರಿಯಾಗಿದೆ ಅಂದ್ರೆ ನೀವು ಬರ್ತೀರಾ?"

ಇಪ್ಪತ್ತಮೂರು ವರ್ಷ ಎಲ್ಲರ ಮೇಲೂ ಸಿಟ್ಟು ಮಾಡ್ಕೊಂಡು ಬದುಕಿದವನ ಒಳಗೆ ಸಿಟ್ಟು ಹುಡುಕಿದೆ, ಎಲ್ಲೂ ಇರಲಿಲ್ಲ. ‘ಸೌಮ್ಯ’ ಅಂದೆ, ಮೇಡಂ ಇಲ್ಲದೆ. ಅವಳು ಕಣ್ಣು ಮುಚ್ಚಿ ಅದನ್ನ ಕೇಳಿಸಿಕೊಂಡಳು, ಇನ್ನೊಂದು ಸಲ ಹೇಳಲಿ ಅಂತ ಕಾಯೋರ ಹಾಗೆ. ಹೇಳಿದೆ.

ಆಮೇಲೆ ತಗ್ಗಿದ ದನಿಯಲ್ಲಿ ಎಲ್ಲ ಹೇಳಿದಳು. ಸೋದರಮಾವ ಪುಟ್ಟಮಾದಪ್ಪ ಅಗರದಲ್ಲಿ ಒಂದು ಗಂಡು ನೋಡಿದ್ದಾರೆ, ಅಪ್ಪ ಇನ್ನೂ ಹೂಂ ಅಂದಿಲ್ಲ, ಅವಳ ಮಾತಿಗೆ ಕಾಯ್ತಾ ಇದಾರೆ. ಅಪ್ಪನಿಗೆ ಸುಳ್ಳು ಅಂದರೆ ಆಗಲ್ಲ. ಇದೊಂದು ಸುಳ್ಳು ಗೊತ್ತಾದರೆ ಅವಳ ಮಾತಿಗೆ ಬೆಲೆ ಇರಲ್ಲ, ಆ ತಿಂಗಳಲ್ಲೇ ಧಾರೆ ಎರೆದು ಕಳಿಸ್ತಾರೆ.

ಸಂಕ್ರಾಂತಿ ಕಳೆಯಲಿ, ಕೊಳ್ಳೇಗಾಲದಲ್ಲಿ ನನ್ನದೇ ಒಂದು ಅಂಗಡಿ ಹಾಕ್ತೀನಿ, ಆಮೇಲೆ ನಾನೇ ಬಂದು ನಿಮ್ಮಪ್ಪನ ಮುಂದೆ ನಿಂತು ಕೇಳ್ತೀನಿ ಅಂದೆ. ಇದೇ ಕೆಲಸವನ್ನ ತೋರಿಸಿ ಕೇಳ್ತೀನಿ. ಓದಿಲ್ಲ, ಜಾತಿ ಇಲ್ಲ, ಇದೊಂದಿದೆ, ಮೂರು ಊರಲ್ಲೂ ನಿಂತಿದೆ ಅಂತ. ಅಲ್ಲೀವರೆಗೂ ಇದು ಸರಿಯಾಗದೇ ಇರಲಿ.

ಅವಳು ಹೂಂ ಅಂದಳು. ನೋಟ್‌ಬುಕ್ಕಿನ ಬಿಳಿ ಹಾಳೆ ಮೇಲೆ ನನ್ನ ಕೈ ಇತ್ತು. ಅದರ ಪಕ್ಕ ತನ್ನ ಕೈ ಇಟ್ಟಳು, ಮುಟ್ಟಿಯೂ ಮುಟ್ಟದ ಹಾಗೆ.

*

ಸಂಕ್ರಾಂತಿಯಾಗಿ ಎರಡನೇ ಮಂಗಳವಾರ ನಾನು ಒಳಗೆ ಕೂತಿದ್ದಾಗ ಜಗಲಿ ಮೇಲೆ ಸದ್ದಾಯ್ತು. ಇನ್ನೂ ಹನ್ನೊಂದೂವರೆ. ಶಾಂತಮೂರ್ತಿಗಳು ಬಂದಿದ್ದರು. ಜೊತೆಯಲ್ಲಿ ಹನೂರಿನ ರುದ್ರಸ್ವಾಮಿ, ಸೋದರಮಾವ ಪುಟ್ಟಮಾದಪ್ಪ, ಪತ್ರ ಬರೆಸೋಕೆ ಬಂದ ನಾಲ್ಕೈದು ಜನ.

ಏನಾಗಿದೆ ಅಂತ ರುದ್ರಸ್ವಾಮಿ ಮುಖ ನೋಡಿದರೇ ತಿಳೀತು. ಪಾಪ, ಆ ಮನುಷ್ಯನ ಮನಸ್ಸಲ್ಲಿ ಏನೂ ಇರಲಿಲ್ಲ. ರಿಜಿಸ್ಟ್ರಾರ್ ಆಫೀಸಿನ ಮುಂದೆ ನನ್ನ ಹೊಗಳಿದ್ದರು. ಎರಡು ತಿಂಗಳಿಂದ ನಮ್ಮಲ್ಲಿ ಒಂದು ದಿನ ಕೆಟ್ಟಿಲ್ಲ, ಕೊಳ್ಳೇಗಾಲದಲ್ಲೂ ಕೆಟ್ಟಿಲ್ಲ, ಯಳಂದೂರಲ್ಲೂ ಅದೇ ಫೈಲು, ಭಲೇ ಹುಡುಗ ಅಂತ. ಪುಟ್ಟಮಾದಪ್ಪ ಅಲ್ಲೇ ನಿಂತಿದ್ದರು.

ಅವರೇ ಬಾಗಿಲಿಗೆ ಬಂದು ಕಂಬಕ್ಕೆ ಒರಗಿದರು. ದನಿ ಎತ್ತಲಿಲ್ಲ.

"ಎಲ್ಲಾ ಕಡೆ ನೆಟ್ಗಿರೋದು ಈ ಮನೇಲಿ ಮಾತ್ರ ಕೆಡ್ತದಾ? ಅದೂ ಮಂಗ್ಳಾರ ಮಂಗ್ಳಾರ. ಏನಪ್ಪಾ, ರಿಪೇರಿ ಮಾಡಕ್ಕೆ ಬತ್ತಿದ್ದೀಯೋ, ಇನ್ನೇತಕ್ಕೆ ಬತ್ತಿದ್ದೀಯೋ?"

ಜಗಲಿಯಲ್ಲಿ ಯಾರೋ ಗಂಟಲು ಸರಿ ಮಾಡ್ಕೊಂಡರು. ಸೌಮ್ಯಳ ಮುಖ ಸುಣ್ಣದ ಗೋಡೆಯಾಯ್ತು. ಅಜ್ಜಿ ಅವರೆಕಾಯಿ ಬಿಡಿಸೋದು ನಿಲ್ಲಿಸಿದರು.

ಶಾಂತಮೂರ್ತಿಗಳು ಮಗಳನ್ನೇ ನೋಡ್ತಿದ್ದರು. ಸಿಟ್ಟಿನ ನೋಟ ಅಲ್ಲ. ಅವಳು ಹೇಳಿದ್ದು ನಿಜವಾಗಿರಲಿ ಅಂತ ಬೇಡ್ಕೊಳ್ಳೋ ನೋಟ. ಆಮೇಲೆ ನನ್ನ ಕಡೆ ತಿರುಗಿ, ಅಗರದ ಒಂದು ಪತ್ರ ಇದೆ, ಇವರೆಲ್ಲರ ಮುಂದೆ ಬಿಳಿ ಹಾಳೆ ಮೇಲೆ ಒಂದು ಪ್ರಿಂಟು ತೆಗಿ, ಕೆಟ್ಟಿದ್ಯಾ ಸರಿ ಇದ್ಯಾ ಎಲ್ಲರೂ ನೋಡಲಿ ಅಂದರು.

ಸರಿ ಬಂದರೆ ಅವಳು ಸುಳ್ಳುಗಾತಿ. ಅವಳ ಮದುವೆಯ ಮಾತು ಇವತ್ತು ಸಂಜೆಯೊಳಗೆ ಅಗರಕ್ಕೆ ಹೋಗುತ್ತೆ.

ಕೆಟ್ಟು ಬಂದರೆ ನಾನು ಅಂಗಡಿ ಹಾಕೋ ಮೊದಲೇ ಮುಗಿದೆ. ಮೂರು ಊರಿನ ಪತ್ರ ಬರಹಗಾರರ ಬಾಯಲ್ಲಿ ಕೆಲಸ ಬರದವನು. ಈ ಮನೆಯ ಮುಂದೆ ನಿಂತು ಹೆಣ್ಣು ಕೇಳೋಕೆ ನನ್ನ ಹತ್ತಿರ ಇದ್ದದ್ದು ಅದೊಂದೇ.

ಒಂದು ಸಲ ಚೆಕ್ ಮಾಡಿ ಕೊಡ್ತೀನಿ ಸಾ ಅಂದೆ. ಮೂಲ ಫೈಲು ತೆಗೆದೆ. ಎಂಟು ತಿಂಗಳ ಸಾಲು ಕಣ್ಣ ಮುಂದೆ ಉರುಳಿದವು. ಒಂದೊಂದು ಸಾಲು ಯಾವ ಮಂಗಳವಾರದ್ದು ಅಂತ ನನಗೆ ಗೊತ್ತಿತ್ತು. ಚೆಕ್ಕುಬಂದಿ ಬರೆಯೋ ಸಾಲು ಬಂತು. ಸಾಲಿನ ಮುಂದೆ ಒಂದು ಸಣ್ಣ ಗೀಟು ಹಾಕಿದರೆ ಮಿಷನ್ ಆ ಸಾಲನ್ನ ಓದದೆ ದಾಟಿಹೋಗುತ್ತೆ. ಒಂದೇ ಒಂದು ಕೀ.

ಪಕ್ಕದಲ್ಲಿ ಸ್ಟೂಲ್ ಮೇಲೆ ಸೌಮ್ಯ. ನನ್ನ ಬೆರಳು ಎಲ್ಲಿ ಹೋಗ್ತಿದೆ ಅಂತ ಆ ಕೋಣೆಯಲ್ಲಿ ಓದಬಲ್ಲವಳು ಅವಳೊಬ್ಬಳೇ. ಬೇಡ ಅನ್ನೋ ಹಾಗೆ ಅವಳ ತಲೆ ಅಲುಗಿತು, ಕೂದಲೆಳೆಯಷ್ಟು. ನಾನು ಒತ್ತಿದೆ.

ಪ್ರಿಂಟರ್ ಕಿರ್ ಕಿರ್ ಅಂತ ಹಾಳೆ ಉಗುಳಿತು. ಶಾಂತಮೂರ್ತಿಗಳು ಕನ್ನಡಕ ಏರಿಸಿ ಓದಿದರು. ಮಾರೋರು ಸರಿ, ಕೊಳ್ಳೋರು ಸರಿ, ಸರ್ವೆ ನಂಬರು ಸರಿ. ಪೂರ್ವಕ್ಕೆ ಖಾಲಿ, ಪಶ್ಚಿಮಕ್ಕೆ ಖಾಲಿ, ಉತ್ತರಕ್ಕೆ, ದಕ್ಷಿಣಕ್ಕೆ ಖಾಲಿ. ಹಾಳೆ ಕೈಯಿಂದ ಕೈಗೆ ಹೋಯ್ತು. ಒಬ್ಬ, ಈ ಜಮೀನು ಯಾವ ಕಡೆಯಿಂದ ಉಳೋದು ಮಾರಾಯ್ರೆ ಅಂದ. ನಕ್ಕರು. ಪುಟ್ಟಮಾದಪ್ಪ ಮಾತ್ರ ನಗಲಿಲ್ಲ, ಅವರ ಕೈಯಿಂದ ಏನೋ ಜಾರಿ ಹೋಗಿತ್ತು.

ಶಾಂತಮೂರ್ತಿಗಳು ಉಸಿರು ಬಿಟ್ಟರು. ಮಗಳು ಗೆದ್ದ ಉಸಿರು ಅದು. ಆಮೇಲೆ ಅವರಿಗೆ ನನ್ನ ಮೇಲೆ ನಿಜವಾಗಲೂ ಸಿಟ್ಟು ಬಂತು. ಹೊಸ ಮಿಷನ್ ತರಿಸ್ತೀನಿ, ಮೈಸೂರಿಂದ ಕಲಿತವರನ್ನ ಕರೆಸ್ತೀನಿ, ನೀನಿನ್ನು ಬರಬೇಡ ಅಂದರು. ಅಜ್ಜಿ, ಆ ಮಗಿನ್ನ ಯಾಕ್ಲಾ ಬೈತೀಯ ಅಂತ ಏನೋ ಅಂದರು, ಅವರು ಕೇಳಿಸಿಕೊಳ್ಳಲಿಲ್ಲ.

"ಎಂಟು ತಿಂಗ್ಳು ನಂಬಿ ಕೂತಿದ್ದೆ ಕಣಯ್ಯ. ಎಲ್ಲರ ಮುಂದೆ ಒಂದು ಮಾತು ಹೇಳಿಬಿಡು. ನಿಂಗೆ ಈ ಕೆಲಸ ಬತ್ತದೋ, ಬರಲ್ವೋ?"

ಕಿವಿ ಬಿಸಿಯಾಗಲಿಲ್ಲ. ಸಿಟ್ಟು ಕೈಗೂ ಇಳಿಯಲಿಲ್ಲ. ಎಂಟು ತಿಂಗಳ ಸುಸ್ತು ಒಟ್ಟಿಗೆ ಬಂದು ಹೆಗಲ ಮೇಲೆ ಕೂತ ಹಾಗಾಯ್ತು, ಅಷ್ಟೇ. ಎದ್ದೆ.

ಸೌಮ್ಯ ನನ್ನ ಕುರ್ಚಿಗೆ ಬಂದು ಕೂತಳು. ಯಾರೂ ಸ್ಕ್ರೀನ್ ನೋಡ್ತಿರಲಿಲ್ಲ. ಫೈಲು ಮುಚ್ಚೋಕೆ ಹೋದಳು, ಬದಲಾಯಿಸಿದ್ದನ್ನ ಸೇವ್ ಮಾಡಲಾ ಅಂತ ಮಿಷನ್ ಕೇಳಿತು. ಅವಳು ‘ನೋ’ ಒತ್ತಿದಳು. ಗೀಟು ಹೋಯ್ತು, ಚೆಕ್ಕುಬಂದಿ ಉಳೀತು. ಕೀಬೋರ್ಡ್ ಮೇಲೆ ಒಂದು ಹನಿ ಬಿತ್ತು, ಅದನ್ನ ಹೆಬ್ಬೆರಳಲ್ಲಿ ಒರೆಸಿದಳು. ತಲೆ ಎತ್ತಿ ನನ್ನ ನೋಡಿದಳು.

ಶಾಂತಮೂರ್ತಿಗಳು ಇನ್ನೂ ಕಾಯ್ತಾ ಇದ್ದರು. ಬಾಯಿಲ್ವೇನಯ್ಯ, ಕೇಳಿದ್ದಕ್ಕೆ ಹೇಳು ಅಂದರು.

ನಾನು ಜಗಲಿ ಇಳಿದೆ, ಚಪ್ಪಲಿ ಮೆಟ್ಟಿಕೊಂಡೆ, ಉತ್ತರ ಕೊಡದೆ ಬಿಸಿಲಲ್ಲಿ ಬಸ್ ಸ್ಟ್ಯಾಂಡ್ ಕಡೆ ನಡೆದೆ.